ಗಾಡಿ ಬಂದ ಹಿಂಗಾರು

ಮೊನ್ನೆ ಸಂಶಿಯ ಸಂತೆಯಲ್ಲಿ ಹಸಿ ಕಡಲೆಗಿಡದ ಒಂದು ಸೂಡು ಕೊಂಡೆ. ಎಲೆಯ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಮನೆ ಮುಟ್ಟುವ ತನಕ ತಡೆಯಲಾರದೆ ಅಲ್ಲೇ ನಾಲ್ಕು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡು ಬೆರಳು ನೆಕ್ಕಿದೆ. ಕಡಲೆ ಎಲೆಯ ಆ ಹುಳಿ ನಾಲಿಗೆಗೆ ತಾಗಿದ್ದೇ ತಡ, ಸಂತೆಯ ಗದ್ದಲವೆಲ್ಲ ಎಲ್ಲೋ ದೂರ ಸರಿದು ನನ್ನ ಮೂವತ್ತೊಂದನೆಯ ವಯಸ್ಸಿನ ಹಿಂಗಾರು ಕಣ್ಣ ಮುಂದೆ ಬಂದು ನಿಂತಿತು. ನಾನು ಕುಂಟಿಯಲ್ಲ ಎಂದು ಊರನ್ನೆಲ್ಲ ನಂಬಿಸುತ್ತ ಬೆಳೆದವಳು, ಹೌದ್ರೀ ನಾನು ಕುಂಟಿ ಎಂದು ಸರ್ಕಾರವನ್ನು ನಂಬಿಸಲು ಹೊರಟ ವರ್ಷ ಅದು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ ಎಂದು ಆಗ ಯಾರೂ ಹೇಳಿರಲಿಲ್ಲ.

ಎರಡು ವರ್ಷ ತುಂಬುವ ಮೊದಲೇ ಪೋಲಿಯೋ ಬಂದು ನನ್ನ ಬಲಗಾಲು ಸೊರಗಿತ್ತು. ಅಪ್ಪ ಬೇಗ ತೀರಿಹೋದ. ಅವ್ವ ಮಂದಿಯ ಮನೆಯ ಹಳೆ ಸೀರೆ ತಂದು ಕೌದಿ ಹೊಲಿದು ಕೊಡುತ್ತ ನನ್ನನ್ನು ಡಿ.ಎಡ್. ತನಕ ಓದಿಸಿದಳು. ಆದರೆ ಓದಿಗಿಂತ ಹೆಚ್ಚು ಹಟ ಹಿಡಿದು ಆಕೆ ಕಲಿಸಿದ್ದು ನಡಿಗೆಯನ್ನು. ನಮ್ಮ ಕಡೆ ಕನ್ಯೆ ನೋಡಲು ಬಂದವರು ಹುಡುಗಿಯನ್ನು ನಡೆಸಿ ನೋಡುತ್ತಾರೆ. ಚಹಾ ಕುಡಿದು, ಹೆಸರು ಕೇಳಿ, ಕೊನೆಗೆ ಒಬ್ಬ ಹಿರಿಯಾಕೆ "ಒಂದೀಟ ಆ ಬಾಗಲತನಾ ಹೋಗಿ ಬಾರವ್ವ" ಅನ್ನುತ್ತಾಳೆ. ಆ ಹತ್ತು ಹೆಜ್ಜೆಗಾಗಿ ಅವ್ವ ನನ್ನನ್ನು ಹತ್ತು ವರ್ಷ ತಯಾರು ಮಾಡಿದಳು. ಬಲಗಾಲಿನ ಚಪ್ಪಲಿಗೆ ಎರಡು ಪದರ ಹೆಚ್ಚಿನ ಅಟ್ಟೆ ಹಾಕಿಸಿದಳು. ಬಲಗೈಯಲ್ಲಿ ಸೀರೆಯ ನಿರಿಗೆ ಎತ್ತಿ ಹಿಡಿಯುವ ನೆಪದಲ್ಲಿ, ಮುಷ್ಟಿಯನ್ನು ತೊಡೆಗೆ ಒತ್ತಿ ಮಂಡಿ ಮಡಚದ ಹಾಗೆ ತಡೆಯುವುದನ್ನು ಕಲಿಸಿದಳು. ಹೊರಗಿನಿಂದ ನೋಡಿದವರಿಗೆ ನಾಜೂಕಿನ ಹೆಣ್ಣು ನಿರಿಗೆ ಹಿಡಿದು ನಡೆದಂತೆ ಕಾಣುತ್ತಿತ್ತು. "ನಡಿಗಿ ನೋಡ್ರಿ, ಅಗದಿ ದೊಡ್ಡ ಮನಿತನದಾಕಿ ಗತೆ" ಎಂದು ಹೊಗಳಿ ಹೋದವರೂ ಇದ್ದರು. ಏಳು ಸಲ ಗಂಡಿನವರು ಬಂದರು, ಏಳೂ ಸಲ ನಾನು ಪಾಸಾದೆ. ಆಮೇಲೆ ಯಾರೋ ಹೋಗಿ ಕಿವಿ ಊದುತ್ತಿದ್ದರು. ಊರವರು ಕೆಡಿಸಿದರು ಎಂದು ಅವ್ವ ಶಾಪ ಹಾಕುತ್ತಿದ್ದಳು. ಪಾಪ, ಊರವರು ಇದ್ದದ್ದನ್ನು ಹೇಳಿದ್ದರು ಅಷ್ಟೇ.

ಆ ವರ್ಷ ಜೂನಿನಲ್ಲಿ ನನಗೆ ಸಂಶಿಯಿಂದ ಆಚೆ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತು. ಬಸ್ಸು ಕ್ರಾಸಿನ ತನಕ. ಅಲ್ಲಿಂದ ಒಳಗೆ ಎರಡು ಮೈಲಿ ಕಾಲ್ನಡಿಗೆ. ಕುಣಿಯಲಾರದಾಕೆ ನೆಲ ಡೊಂಕು ಅಂದಳಂತೆ. ನನ್ನ ಪಾಲಿಗೆ ನೆಲವೂ ಡೊಂಕೇ ಇತ್ತು. ಮಳೆ ಬಿದ್ದರೆ ಟ್ರ್ಯಾಕ್ಟರಿನ ಗಾಲಿಗಳು ಎರಿ ಹೊಲದ ಕಪ್ಪು ಮಣ್ಣನ್ನು ಹೊತ್ತು ತಂದು ಡಾಂಬರಿನ ಮೇಲೆ ಉದುರಿಸಿ ಹೋಗುತ್ತಿದ್ದವು. ಎರಿ ಮಣ್ಣು ಅಂದರೆ ಗೊತ್ತಲ್ಲ, ಒಮ್ಮೆ ಹಿಡಿದರೆ ಬಿಡುವ ಜಾತಿಯಲ್ಲ. ಒಂದೊಂದು ಹೆಜ್ಜೆಗೂ ಚಪ್ಪಲಿ ತೂಕ ಏರುತ್ತ ಹೋಗುತ್ತಿತ್ತು. ಹೊಲದಲ್ಲಿ ಹೆಸರಿನ ಬೆಳೆ ಕಾಯಿ ಕಟ್ಟುವ ಹೊತ್ತಿಗೆ ನಾನು ಪ್ರಾರ್ಥನೆಗೆ ಮುಟ್ಟಿದ ದಿನಗಳಿಗಿಂತ ಮುಟ್ಟದ ದಿನಗಳೇ ಹೆಚ್ಚಾದವು.

ಹೆಡ್ ಮಾಸ್ತರರು ಕೆಟ್ಟವರಲ್ಲ. ಒಂದು ದಿನ ಕರೆದು ಕುರ್ಚಿ ತೋರಿಸಿ, "ಟೀಚರ, ಹುಡುಗ್ರು ನಿಮ್ಮನ್ನ ಭಾಳ ಹಚ್ಕೊಂಡಾವ್ರಿ. ಆದ್ರ ಮೊದಲನೇ ಪಿರಿಯಡ್ ದಿನಾ ಖಾಲಿ ಹೋದ್ರ ನಾ ಮ್ಯಾಲಿನವರಿಗೆ ಏನ್ ಹೇಳ್ಲಿ? ಡಿಸೆಂಬರ್ ತನಕ ನೋಡ್ತೀನ್ರಿ" ಅಂದರು. ಆಮೇಲೆ ಬೇರೆಯವರು ಬರುತ್ತಾರೆ ಅನ್ನುವುದನ್ನು ಬಾಯಿಬಿಟ್ಟು ಹೇಳಲಿಲ್ಲ. ಒಂದನೆಯ ಇಯತ್ತೆಯ ಮಕ್ಕಳು ಆಗಷ್ಟೇ ಅ ಆ ದಾಟಿ ಮಗ್ಗಿಗೆ ಬಂದಿದ್ದವು. ಜೀವನದಲ್ಲಿ ಮೊದಲ ಸಲ ಜನ ನನ್ನನ್ನು ನಡೆಸಿ ನೋಡದೆ ಒಪ್ಪಿಕೊಂಡ ಜಾಗ ಅದು. ಅದನ್ನು ಕಳೆದುಕೊಳ್ಳುವ ವಿಚಾರಕ್ಕೇ ನನ್ನ ಎದೆ ಒಡೆದಿತ್ತು.

ಶ್ರಾವಣದ ಒಂದು ಮುಂಜಾನೆ ಆ ದಾರಿಯಲ್ಲಿ ಬಿದ್ದೆ. ಹಿಂದೆ ಮುಂದೆ ಯಾರೂ ಇರಲಿಲ್ಲ. ತುಂತುರು ಮಳೆ, ಎರಡೂ ಕಡೆ ಹೆಸರಿನ ಹಸಿರು, ಮೇಲೆ ಕೈಗೆಟಕುವಷ್ಟು ಕೆಳಗೆ ಇಳಿದ ಮೋಡ. ಎದ್ದೇಳುವ ಮನಸ್ಸೇ ಆಗದೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಆಗ ಫಟಫಟ ಅನ್ನುತ್ತ ಬಂದವನು ಮೆಹಬೂಬಣ್ಣ. ನಮ್ಮ ಪಂಚಾಯ್ತಿಯಲ್ಲಿ ಅಂಗವಿಕಲರ ಕೆಲಸ ನೋಡಿಕೊಳ್ಳುವ ಕಾರ್ಯಕರ್ತ. ಅವನದೂ ಪೋಲಿಯೋ, ಎರಡೂ ಕಾಲಿಗೆ. ಹಿಂದಿನ ಗಾಲಿಯ ಅಕ್ಕಪಕ್ಕ ಇನ್ನೆರಡು ಗಾಲಿ ಕೂಡಿಸಿದ ಸ್ಕೂಟರ್ ಅವನದು. ಒಂದು ಕಡೆ ಊರುಗೋಲು ಸಿಕ್ಕಿಸುವ ಕೊಂಡಿ.

"ಏನ ಟೀಚರ, ಹೊಲದ ನಡಬರಕ ಸಾಲಿ ತಗದೀಯೇನು?" ಅಂದ. ನಾನು ಸಿಟ್ಟಿನಿಂದ ನೋಡಿದೆ. "ಹತ್ತ ಹಿಂದ. ಸಿಟ್ಟ ಗಾಡಿ ಮ್ಯಾಲ ಕೂತ ಮಾಡೀಯಂತ."

ಹತ್ತಿದೆ. ಗಾಡಿ ಹೊರಟಿತು. ಇಂದಿಗೂ ಅದನ್ನು ನೆನೆದರೆ ಮೈ ಹಗುರಾಗುತ್ತದೆ. ಬಸ್ಸಿನಲ್ಲಿ ಕೂತು ಹೋಗುವುದು ಬೇರೆ. ಇಲ್ಲಿ ನಾನು ದಿನಾ ಅಳೆದು ಸುರಿದು ದಾಟುವ ಅದೇ ನೆಲ, ಅದೇ ಗುಂಡಿ, ಅದೇ ಜಾಲಿಗಿಡ ನನ್ನನ್ನು ಏನೂ ಕೇಳದೆ ಹಿಂದಕ್ಕೆ ಹೋಗುತ್ತಿದ್ದವು. ಮಳೆಹನಿ ಮುಖಕ್ಕೆ ಬಡಿಯುತ್ತಿತ್ತು. ನನ್ನ ಬಲಗೈ ತೊಡೆಯ ಮೇಲಿರಲಿಲ್ಲ. ಅದು ಗಾಳಿಯಲ್ಲಿತ್ತು. ಶಾಲೆ ಬಂದಾಗ ಯಾಕಾದರೂ ಬಂತೋ ಅನ್ನಿಸಿತು.

ಇಳಿದ ಮೇಲೆ ಮೆಹಬೂಬಣ್ಣ ಕೇಳಿದ. "ನಿನ್ನ ಕಾರ್ಡ್ ಎಲ್ಲೈತಿ?"

"ಯಾವ ಕಾರ್ಡು?"

ಅವನು ಹಣೆ ಹಣೆ ಬಡಿದುಕೊಂಡ. ಡಾಕ್ಟರರು ನೋಡಿ ಅಂಗವಿಕಲತೆ ಎಷ್ಟು ಎಂದು ಬರೆದು ಕೊಡುವ ಕಾರ್ಡು ನನ್ನ ಹತ್ತಿರ ಇರಲೇ ಇಲ್ಲ. ಅವ್ವ ಮಾಡಿಸಲು ಬಿಟ್ಟಿರಲಿಲ್ಲ. ಅದರಲ್ಲಿ ಶೇಕಡಾ ನಲವತ್ತು ಅಥವಾ ಅದಕ್ಕಿಂತ ಹೆಚ್ಚು ಎಂದು ಬಂದರೆ ಪಂಚಾಯ್ತಿಯಲ್ಲಿ ನಮ್ಮಂಥವರಿಗೆಂದು ಎತ್ತಿಟ್ಟ ಹಣದಿಂದ ಗಾಡಿಗೆ ನೆರವು ಕೇಳಬಹುದು, ಗಾಡಿ ನನ್ನ ಹೆಸರಿನಲ್ಲೇ ಇದ್ದು ನನಗೆ ತಕ್ಕ ಹಾಗೆ ಮಾರ್ಪಾಡಾಗಿದ್ದರೆ ರಸ್ತೆ ತೆರಿಗೆಯೂ ಮಾಫಿ, ಎಂದು ಅವನು ಬಿಡಿಸಿ ಹೇಳಿದ. ಇವೆರಡೂ ಇಲ್ಲದಿದ್ದರೆ ನನ್ನ ಗೌರವಧನದಲ್ಲಿ ಅಂಥ ಗಾಡಿ ಕನಸಿನ ಮಾತು.

ಮನೆಯಲ್ಲಿ ಮಾತು ತೆಗೆದಾಗ ಅವ್ವ ಕೌದಿಯಿಂದ ತಲೆ ಎತ್ತಲಿಲ್ಲ. "ಸರಕಾರದ ಕಾಗದದಾಗ ಕುಂಟಿ ಅಂತ ಬರದ ಮ್ಯಾಲ ಅದನ್ನ ಯಾರ ಅಳಸ್ತಾರ?" ಅಂದಳು. ನಾನು ಬಿದ್ದು ಕೆಸರಾದ ಸೀರೆಯನ್ನು ಅವಳ ಮುಂದೆ ಹರವಿದೆ. ಅವ್ವ ಒಣಗಿದ ಕೆಸರನ್ನು ಉಗುರಿನಿಂದ ಕೆರೆದು ತೆಗೆಯುತ್ತ "ಯಾವಾಗ ಹೋಗೂಣು?" ಅಂದಳು.

ದೊಡ್ಡಾಸ್ಪತ್ರೆಗೆ ಹೋದ ದಿನ ಆಕೆ ನನಗೆ ಇಳಕಲ್ ಸೀರೆ ಉಡಿಸಿ ತಲೆಗೆ ಅಬ್ಬಲಿ ಹೂವು ಮುಡಿಸಿದಳು. ಬೇಡ ಅನ್ನಲು ನನಗೂ ಹೊಳೆಯಲಿಲ್ಲ. ಹೊರಗೆ ಕೂತಾಗ ಪಿಸುಗುಟ್ಟಿದಳು, "ಹೆದರಬ್ಯಾಡ. ಕೇಳಿದ್ದಕ್ಕ ನಕ್ಕೋತ ಜವಾಬು ಕೊಡು." ಒಳಗೆ ಒಬ್ಬ ಹುಡುಗಪ್ರಾಯದ ಡಾಕ್ಟರು. ಹೊರಗೆ ಪಾಳಿ ಬಾಗಿಲು ದಾಟಿ ನಿಂತಿತ್ತು, ಆದರೂ ಪಾಪ ಸಾವಕಾಶ ಮಾತಾಡಿದರು. ಕಾಲು ಅಳತೆ ಮಾಡಿಕೊಂಡರು. ನೋವು ಇರ್ತದೇನು? ಇಲ್ರಿ. ಬೀಳ್ತೀರೇನು? ಇಲ್ರಿ. ಮೆಟ್ಟಲಾ? ಹತ್ತತೇನ್ರಿ. ನೆಲದ ಮ್ಯಾಲ ಕೂಡಾಕ? ಕೂತು ತೋರಿಸಿದೆ, ಹಲ್ಲು ಕಚ್ಚಿ ಎದ್ದೂ ತೋರಿಸಿದೆ. ಆಮೇಲೆ ಅವರು ಅಂದರು, "ಆ ಬಾಗಲತನಾ ಹೋಗಿ ಬರ್ರಿ ನೋಡೂಣು."

ಅದೇ ಮಾತು! ನನ್ನ ಮೈಗೆ ಬೇರೆ ಏನೂ ಬೇಕಾಗಲಿಲ್ಲ. ಬಲಗೈ ತಾನೇ ನಿರಿಗೆಗೆ ಹೋಯಿತು, ಬೆನ್ನು ನೆಟ್ಟಗಾಯಿತು, ಕತ್ತು ಒಂದಿಷ್ಟು ಬಾಗಿತು. ಹೋಗಿ ಬಂದೆ. ಡಾಕ್ಟರು ಖುಷಿಯಿಂದ "ಭಾಳ ಚಲೋ ನಡೀತೀರಿ, ಟೀಚರ" ಅಂದರು. ಅವ್ವನ ಮುಖ ಅರಳಿತು. ನನ್ನದೂ ಅರಳಿತು. ಆ ಸಂಭ್ರಮಕ್ಕೆ ಬಸ್ ಸ್ಟ್ಯಾಂಡಿನ ಹೊರಗೆ ಗಿರ್ಮಿಟ್ಟು, ಮಿರ್ಚಿ ತಿಂದು ಮನೆಗೆ ಬಂದೆವು. ಎಂಟನೆಯ ಸಲವೂ ಪಾಸಾಗಿದ್ದೆ.

ಕಾರ್ಡಿನಲ್ಲಿ ಬಂದ ಅಂಕಿ ಮೂವತ್ತೆಂಟು.

ಮೆಹಬೂಬಣ್ಣ ನಮ್ಮ ಕಟ್ಟೆಯ ಮೇಲೆ ಕೂತು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ನಡೆದದ್ದನ್ನೆಲ್ಲ ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕ. ಅಬ್ಬಲಿಯ ಸುದ್ದಿಗೆ ಬಂದಾಗ ಊರುಗೋಲನ್ನು ನೆಲಕ್ಕೆ ಕುಟ್ಟಿ ಕುಟ್ಟಿ ನಕ್ಕ. ಆಮೇಲೆ ನಗು ನಿಂತು ಅವನಿಗೆ ಕೆಂಡದಂಥ ಸಿಟ್ಟು ಬಂತು. "ಯಕ್ಕಾ, ಡಾಕ್ಟರೇನ ವರಾನ ಅಪ್ಪನೇನ್ರಿ?"

ಅವ್ವನ ಮೋರೆ ಸಣ್ಣದಾಯಿತು. "ಹಂಗಾರ ಇನ್ನೊಮ್ಮಿ ಹೋಗಿ ಸುಳ್ಳ ಹೇಳಬೇಕೇನಪಾ?"

"ಸುಳ್ಳ ಹೇಳಬ್ಯಾಡ್ರಿ. ಇಷ್ಟ ವರ್ಷ ಹೇಳಿದ್ದ ಸುಳ್ಳ ಬಿಡ್ರಿ, ಸಾಕು."

ಮರುಪರೀಕ್ಷೆಗೆ ಅವನೇ ಅರ್ಜಿ ಬರೆದ. ಕರೆ ಬರುವುದು ತಡವಾಯಿತು. ಅಷ್ಟರಲ್ಲಿ ಹೆಸರು ಕಿತ್ತು, ಹೊಲ ಹರಗಿ, ಕಡಲೆ ಬಿತ್ತಿದ್ದೂ ಆಯಿತು. ಶನಿವಾರ, ರವಿವಾರ ಮೆಹಬೂಬಣ್ಣ ತನ್ನ ಗಾಡಿಯಲ್ಲೇ ಊರ ಹೊರಗಿನ ಬಯಲಲ್ಲಿ ನನಗೆ ಓಡಿಸಲು ಕಲಿಸಿದ. ಉಳಿದ ದಿನ ಕ್ರಾಸಿನಿಂದ ನಡೆದೇ ಹೋಗುತ್ತಿದ್ದೆ, ತಡವಾಗಿಯೇ ಮುಟ್ಟುತ್ತಿದ್ದೆ. ಹೆಡ್ ಮಾಸ್ತರರು ಕೈಗಡಿಯಾರ ನೋಡುವುದನ್ನು ಬಿಟ್ಟಿದ್ದರು. ಅದೇ ಹೆಚ್ಚು ಅಂಜಿಕೆ ತರುತ್ತಿತ್ತು.

ಅವ್ವ ಆ ದಿನಗಳಲ್ಲಿ ಮಾತು ಕಡಿಮೆ ಮಾಡಿದ್ದಳು. ನಮ್ಮ ಹಿತ್ತಲಿಗೆ ಹತ್ತಿದ ಹೊಲದಲ್ಲಿ ಕಡಲೆ ದಟ್ಟವಾಗಿ ಬೆಳೆದಿತ್ತು. ಸಂಜೆ ಒಂದು ಬಿಳಿ ಅರಿವೆಯನ್ನು ಗಿಡಗಳ ಮೇಲೆ ಹಾಸಿ ಬರುವುದು, ನಸುಕಿನಲ್ಲಿ ಇಬ್ಬನಿಗೆ ತೊಯ್ದ ಆ ಅರಿವೆಯನ್ನು ಹಿಂಡಿ ಹುಳಿ ತೆಗೆಯುವುದು ಅವಳ ಹಳೆಯ ರೂಢಿ. ಹೊಟ್ಟೆನೋವಿಗೆ ಅದೇ ಔಷಧ. ಒಂದು ನಸುಕಿನಲ್ಲಿ ನಾನೂ ಹಿಂದೆ ಹೋದೆ. ಹೊಲದ ಮೇಲೆಲ್ಲ ಮಂಜು ಕೂತಿತ್ತು. ಅದರೊಳಗೆ ಅವ್ವ ಸೊಂಟದ ಮೇಲಷ್ಟೇ ಕಾಣುತ್ತಿದ್ದಳು. ಬದುವಿನ ಮೇಲೆ ನಾನು ನಿಂತಿದ್ದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಅರಿವೆ ಹಿಂಡುತ್ತ ಅಂದಳು, "ನಿನಗ ಯಾರೂ ಏನೂ ಅನಬಾರದಂತ ಮಾಡಿದೆ. ನಿನಗ ನೋವಿತ್ತೇನ ಅಂತ ನಾ ಒಮ್ಮಿನೂ ಕೇಳಲಿಲ್ಲ."

"ಇತ್ತ ಬೇ," ಅಂದೆ.

"ದಿನಾ?"

"ದಿನಾ."

ಅವ್ವ ಹಿಂಡಿದ ಅರಿವೆಯನ್ನೇ ಮತ್ತೊಮ್ಮೆ ಹಿಂಡಿದಳು. ಅದರಲ್ಲಿ ಏನೂ ಉಳಿದಿರಲಿಲ್ಲ. ಇಬ್ಬರೂ ಅತ್ತೆವು ಅಂತಲೇ ನನ್ನ ನೆನಪು.

ಕಾರ್ತೀಕದಲ್ಲಿ ಕರೆ ಬಂತು. ಈ ಸಲ ಮೂರು ಜನ ಡಾಕ್ಟರರು, ನಡುವೆ ಕೂತವರು ವಯಸ್ಸಾದವರು. ನಾನು ದಿನಾ ಶಾಲೆಗೆ ಉಡುವ ವಾಯಲ್ ಸೀರೆಯಲ್ಲಿದ್ದೆ. ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದ ಹಾಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ನೋವು ಇದೆಯೇ? ಐತ್ರಿ. ಅಲ್ಲಿಗೆ ಸರಿಯಾಗಿತ್ತು. ಚಪ್ಪಲಿ ಬಿಟ್ಟು ನಡೆಯಿರಿ ಅಂದರು. ನಡೆದೆ. ಹಿರಿಯ ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಮತ್ತೊಮ್ಮೆ" ಅಂದರು. ಮತ್ತೆ ನಡೆದೆ. ಅವರು ಮುಂದಿದ್ದ ಹಳೆಯ ಕಾಗದ ನೋಡಿದರು. "ನಡಿಗ್ಯಾಗ ಏನೂ ಫರಕ ಇಲ್ಲಲ್ಲ?"

ಆಗ ಕೆಳಗೆ ನೋಡಿದೆ. ನನ್ನ ಬಲಮುಷ್ಟಿ ನಿರಿಗೆಯೊಳಗೆ ತೊಡೆಗೆ ಒತ್ತಿಕೊಂಡಿತ್ತು. ಅದನ್ನು ಬಿಡಿಸಿ ಮತ್ತೆ ಹೆಜ್ಜೆ ಇಟ್ಟೆ. ಎರಡನೆಯ ಹೆಜ್ಜೆಗೆ ಅದು ತಾನೇ ವಾಪಸು ಹೋಗಿ ಕೂತಿತು. ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಇಷ್ಟು ವರ್ಷ ಮಂದಿಗೆ ತೋರಿಸಿ ತೋರಿಸಿ, ನನ್ನ ಸ್ವಂತ ನಡಿಗೆ ಹೇಗಿದೆ ಎಂಬುದೇ ನನಗೆ ಮರೆತುಹೋಗಿತ್ತು. ಶಾಲೆ, ಗಾಡಿ, ಎರಡೂ ಆ ಕೋಣೆಯಲ್ಲೇ ಕೈತಪ್ಪಿ ಹೋಗುವುದು ಕಾಣುತ್ತಿತ್ತು.

ಬಾಗಿಲ ಹತ್ತಿರ ಕುಳಿತಿದ್ದ ಅವ್ವ ಎದ್ದು ಬಂದಳು. ಯಾರನ್ನೂ ಕೇಳಲಿಲ್ಲ. ನನ್ನ ಬಲಗೈಯನ್ನು ನಿರಿಗೆಯಿಂದ ಬಿಡಿಸಿ, ತನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ಸಾಹೇಬ್ರ, ಈ ಕೈ ಹಿಂಗ ಮಾಡಾಕ ಕಲಿಸಿದಾಕಿ ನಾನ್ರಿ. ನಾ ಹಿಡ್ಕೊಂಡಿರತೇನಿ. ಈಗ ನಡಸ್ರಿ."

ಹಿರಿಯ ಡಾಕ್ಟರು ಪೆನ್ನು ಕೆಳಗಿಟ್ಟರು. ನಾನು ನಡೆದೆ. ಒಂದು ಹೆಜ್ಜೆ. ಎರಡು. ಮೂರನೆಯದಕ್ಕೆ ಮಂಡಿ ಮಡಚಿ ನಾನು ಹಾಗೇ ನೆಲಕ್ಕೆ ಕುಸಿದೆ. ಅವ್ವ ಕೈ ಬಿಡಲಿಲ್ಲ, ನನ್ನ ಜೊತೆ ತಾನೂ ಕುಸಿದು ಕೂತಳು. ಅಲ್ಲೇ ನೆಲದ ಮೇಲೆ ಕೂತು ಹೇಳತೊಡಗಿದಳು. "ಬಾಗಲ ಹೊಚ್ಚಲದ ಮ್ಯಾಲ ಬಿದ್ದಾಳ್ರಿ. ಬಚ್ಚಲದಾಗ ಬಿದ್ದಾಳ್ರಿ, ಹಲ್ಲ ಮುರದೈತಿ. ಬಸ್ಸಿನ ಮೆಟ್ಟಲದಿಂದ ಬಿದ್ದಾಳ್ರಿ. ಸಾಲಿ ದಾರ್ಯಾಗ ಎಷ್ಟ ಸಲ ಬಿದ್ದಾಳ ನನಗ ಹೇಳಂಗಿಲ್ರಿ. ಸೀರಿ ಒಗೀತೇನಲ್ರಿ, ನನಗ ಗೊತ್ತಾಗತೈತಿ." ನಾನು ಮುಚ್ಚಿಟ್ಟೆ ಎಂದುಕೊಂಡಿದ್ದನ್ನೆಲ್ಲ ಆಕೆ ಒಂದೂ ಬಿಡದೆ ಎತ್ತಿಟ್ಟುಕೊಂಡಿದ್ದಳು. ನನಗೆ ನಾಚಿಕೆಯಾಯಿತು, ಅವ್ವನ ಮೇಲೆ ವಿಪರೀತ ಸಿಟ್ಟೂ ಬಂತು. ಅದರ ಹಿಂದೆಯೇ, ಬೆನ್ನ ಮೇಲಿನ ಹೊರೆಯನ್ನು ಯಾರೋ ಇಳಿಸಿಕೊಂಡಂಥ ಸಮಾಧಾನವೂ ಬಂತು.

ಹಿರಿಯ ಡಾಕ್ಟರು ತಾವೇ ಎದ್ದು ಬಂದು ನನ್ನನ್ನು ಎಬ್ಬಿಸಿ ಕೂರಿಸಿದರು. ಮತ್ತೆ ಮೊದಲಿನಿಂದ ಎಲ್ಲ ಅಳತೆ ಮಾಡಿದರು. "ಯವ್ವಾ, ಇದನ್ನ ಮೊದಲನೇ ದಿವಸನ ಹೇಳಿದ್ರ ಮಗಳು ಇಷ್ಟ ಅಡ್ಡಾಡೂದು ತಪ್ಪತಿತ್ತು" ಅಂದರು, ಅಷ್ಟೇ.

ಹೊಸ ಕಾರ್ಡಿನಲ್ಲಿ ಐವತ್ತು ದಾಟಿತ್ತು. ಶಾಲೆಯಲ್ಲಿ ಪರೀಕ್ಷೆಯ ಅಂಕ ಕಂಡಾಗಲೂ ಅಷ್ಟು ಕುಣಿದಿರಲಿಲ್ಲ. ಪಂಚಾಯ್ತಿಯ ನೆರವು ಬಂತು, ಕಡಿಮೆ ಬಿದ್ದದ್ದನ್ನು ನಾನು ಕೂಡಿಟ್ಟದ್ದರಿಂದ ತುಂಬಿದೆ. ಗಾಡಿಗೆ ಎರಡು ಗಾಲಿ ಜೋಡಿಸಿ, ಕಾಲಿನ ಬ್ರೇಕು ತೆಗೆದು ಕೈಗೆ ಕೊಟ್ಟರು. ಆರ್.ಟಿ.ಓ. ಕಚೇರಿಯಲ್ಲಿ ನಾನೇ ಓಡಿಸಿ ತೋರಿಸಬೇಕಿತ್ತು. ಇನ್‌ಸ್ಪೆಕ್ಟರು ಬಗ್ಗಿ ಗಾಲಿ ನೋಡಿ, ನಟ್ಟು ಅಲುಗಾಡಿಸಿ, ಕಾಗದದಲ್ಲಿ ತೆರಿಗೆಯ ಜಾಗಕ್ಕೆ ವಿನಾಯಿತಿ ಎಂದು ಬರೆದು ಸಹಿ ಹಾಕಿದರು. ಮಾಲಕರ ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು. ಅಪ್ಪನದೋ ಗಂಡನದೋ ಅಲ್ಲ, ನನ್ನದೇ. ಅದನ್ನು ನಾನು ಮೂರು ಸಲ ಓದಿದೆ. ಡಿಸೆಂಬರ್ ಮುಗಿಯಲು ಇನ್ನೂ ದಿನಗಳಿದ್ದವು.

ಹೊರಡುವಾಗ ಇನ್‌ಸ್ಪೆಕ್ಟರು, "ಹಿಂದ ಗಾಲಿಕುರ್ಚಿ ಚಿತ್ರ ಹಚ್ಚಿಸ್ರಿ. ಹಿಂದ ಬರೂ ಗಾಡಿಯವರು ಸಂಭಾಳಿಸಿ ಹೊಡೀತಾರ" ಅಂದರು. ಎದುರಿಗೇ ಸ್ಟಿಕರ್ ಅಂಗಡಿ ಇತ್ತು. ಅಂಗಡಿಯಾತ ಒಂದು ಕಟ್ಟು ಹರವಿದ. ನಾನು ಹುಡುಕಿ ಹುಡುಕಿ ಎಲ್ಲಕ್ಕಿಂತ ಸಣ್ಣದನ್ನು ಆರಿಸಿ, ನಂಬರ್ ಪ್ಲೇಟಿನ ಕೆಳಗೆ, ಕೆಸರು ಸಿಡಿಯುವ ಮೂಲೆಯಲ್ಲಿ ಹಚ್ಚಲು ಹೇಳಿದೆ. ಅವ್ವನಿಗೆ ಬೇಸರವಾಗಬಾರದು ಎಂದು.

ಜೊತೆಗೆ ಬಂದಿದ್ದ ಅವ್ವ ಆ ಸಣ್ಣದನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿ ವಾಪಸು ಇಟ್ಟಳು.

"ಇದಕ್ಕಿಂತ ದೊಡ್ಡದ ಇಲ್ಲೇನ್ರಿ?"

"ಐತ್ರೀ ಯವ್ವಾ. ಅದು ಕಾರಿನ ಹಿಂದಿನ ಕಾಜಿಗೆ ಹಚ್ಚೂದು."

"ಅದನ್ನ ಹಚ್ರಿ. ನಟ್ಟ ನಡಬರಕ ಹಚ್ರಿ," ಅಂದಳು ಅವ್ವ. "ದಿನಾ ಮುಂಜಾನಿ ನನ್ನ ಮಗಳು ಸಾಲಿಗೆ ಹೋಗೂದು ನನಗ ದೂರದ ತನಾ ಕಾಣಬೇಕು."